ಹಗ್ಗದ ಇನ್ನೊಂದು ತುದಿ

ನಮ್ಮೂರಿನಲ್ಲಿ ಮನೆಯವರು ಯಾರಾದರೂ ಕುಡಿದರೆ ಮನೆ ಇಳಿಯುತ್ತದೆ. ಊರು ಇರುವುದೇ ಇಳಿಜಾರಿನಲ್ಲಿ. ಮೇಲೆ ನೀರಿನ ಟ್ಯಾಂಕು, ಕೆಳಗೆ ಹೊಳೆ. ಒಂದು ಗ್ಲಾಸು ಹಾಕಿದರೆ ಮನೆ ಗಂಟಲು ಸರಿಮಾಡಿಕೊಂಡಂತೆ ಸದ್ದು ಮಾಡಿ ಅಂಗಳದಷ್ಟು ಕೆಳಗೆ ಜರುಗುತ್ತದೆ. ಜಾಸ್ತಿಯಾದರೆ ಬೀದಿಯನ್ನೇ ಬದಲಾಯಿಸುತ್ತದೆ. ಇದನ್ನು ಕೇಳಿ ಹೊರಗಿನವರು ಬಾಯಿ ಬಿಡುತ್ತಾರೆ. ನಮಗೆ ಬಾಯಿ ಬಿಡಲು ಪುರಸೊತ್ತಿಲ್ಲ, ಒಲೆಯ ಮೇಲಿನ ಹಾಲು ಹಿಡಿದುಕೊಳ್ಳಬೇಕು.

ನಾನು ಪುರಸಭೆಯ ವಾಟರ್‌ಮನ್. ಹೆಂಗಸಲ್ಲವೇ ಎಂದು ಕೇಳಬೇಡಿ. ಆರ್ಡರಿನಲ್ಲಿ ಹಾಗೇ ಬರೆದಿದ್ದಾರೆ, ಸಂಬಳವೂ ಆ ಹೆಸರಿಗೇ ಬರುತ್ತದೆ. ಓಬಕ್ಕ ಎಂದು ಕರೆದರೂ ಓಗೊಡುತ್ತೇನೆ. ಬೇರೆ ಊರಿನಲ್ಲಿ ನೀರು ಬಿಡುವವರಿಗೆ ವಾಲ್ವಿನ ಕೀಲಿಯೊಂದಿದ್ದರೆ ಸಾಕು. ನನಗೆ ಹೆಗಲ ಮೇಲೆ ರಬ್ಬರ್ ಪೈಪಿನ ಸುರುಳಿಯೂ ಬೇಕು. ನಿನ್ನೆ ಗಿರಣಿಯ ಎದುರಿಗಿದ್ದ ಮನೆ ಇವತ್ತು ಶಾಲೆಯ ಹಿಂದೆ ಇರುತ್ತದೆ, ಆ ಮನೆಯ ಹೆಂಗಸರು ಬಾಗಿಲಲ್ಲಿ ನಿಂತು, "ಓಬಕ್ಕಾ, ಇಲ್ಲಿದೀವಿ ಕಣೇ, ಇಲ್ಲಿ!" ಎಂದು ಕೈ ಬೀಸುತ್ತಾರೆ. ವಿಳಾಸ ಬರೆಯುವಾಗ ನಾವು ಬೀದಿಯ ಹೆಸರು ಬರೆಯುವುದಿಲ್ಲ, ಬಾಗಿಲಿನ ಬಣ್ಣ ಬರೆಯುತ್ತೇವೆ. ಹೆಣ್ಣು ನೋಡಲು ಬರುವವರು ಜಾತಕಕ್ಕಿಂತ ಮೊದಲು ಹೊಸ್ತಿಲ ಕೆಳಗೆ ಬಗ್ಗಿ ನೋಡುತ್ತಾರೆ. ತಳ ಸವೆದಿದ್ದರೆ ಉಪ್ಪಿಟ್ಟು ತಿಂದು, ಕೈ ತೊಳೆದು, ಆಮೇಲೆ ತಿಳಿಸ್ತೀವಿ ಎಂದು ಹೊರಡುತ್ತಾರೆ.

ಇಂಥ ಊರಿಗೆ ಅದರದ್ದೇ ಕಟ್ಟುಪಾಡುಗಳಿರುತ್ತವೆ. ನಾವು ನೆಲಕ್ಕೆ ಗೂಟ ಹೊಡೆಯುವುದಿಲ್ಲ. ನೆಲವೆಂದರೆ ಮನೆಗಳು ಓಡಾಡುವ ದಾರಿ. ಅಲ್ಲಿ ಗೂಟ ಹೊಡೆದರೆ ಯಾರ ಮನೆ ಎಡವಿ ಬೀಳುತ್ತದೋ ಯಾರಿಗೆ ಗೊತ್ತು? ಹಸುವನ್ನೂ ಕಂಬಕ್ಕೇ ಕಟ್ಟುತ್ತೇವೆ. ಇನ್ನೊಂದು, ಮೇಲಿನಿಂದ ಇಳಿದು ಬಂದ ಮನೆ ಎಲ್ಲಿ ನಿಂತಿತೋ ಅಲ್ಲಿನ ನೆರೆಯವರು ಅರಿಸಿನ ಹಚ್ಚಿದ ದಾರ ತಂದು ತಮ್ಮ ಜಗಲಿಯ ಕಂಬಕ್ಕೂ ಆ ಮನೆಯ ಕಂಬಕ್ಕೂ ಸೇರಿಸಿ ಕಟ್ಟುತ್ತಾರೆ. ಇನ್ನು ನೀವು ನಮ್ಮವರು ಎಂದು ಅದರ ಅರ್ಥ. ಕುಡಿದು ಇಳಿದವನಿಗೂ ಕಟ್ಟುತ್ತಾರೆ, ಅವನನ್ನು ಬಯ್ಯುತ್ತಲೇ ಕಟ್ಟುತ್ತಾರೆ.

ನನ್ನ ಗಂಡ ಪಾಲಯ್ಯ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೋನೆಟ್ ನುಡಿಸುತ್ತಾನೆ. ಅವನು ಊದಿದರೆ ಮದುವೆಯಲ್ಲಿ ಅಳಬಾರದು ಎಂದುಕೊಂಡ ಹೆಣ್ಣಿನ ಅಪ್ಪನೂ ಕಣ್ಣೊರೆಸಿಕೊಳ್ಳುತ್ತಾನೆ. ನಾನೂ ಅವನ ಊದುವಿಕೆಗೆ ಬಿದ್ದು ಈ ಊರಿಗೆ ಬಂದವಳೇ. ಮದುವೆಯಾದಾಗ ಮನೆ ಟ್ಯಾಂಕಿನ ಪಕ್ಕದಲ್ಲಿತ್ತು. ಆದರೆ ಬ್ಯಾಂಡಿನವರ ಕೆಂಪು ಕೋಟನ್ನು ಹೊಲಿಸಿಕೊಟ್ಟಿದ್ದು ಬ್ರಾಂದಿ ತಯಾರಿಸುವ ಭಟ್ಟಿ ಕಂಪನಿ. ಕೋಟಿನ ಎದೆಯ ಮೇಲೆ ಬಾಟಲಿಯ ಚಿತ್ರ. ಪ್ರತಿ ಮದುವೆಗೂ ಕಂಪನಿಯ ಕಡೆಯಿಂದ ಬ್ಯಾಂಡಿನವರಿಗೆ ಬಿಟ್ಟಿ ಬಾಟಲಿ. ಬೇಡ ಎಂದವನು ಮುಂದಿನ ಮದುವೆಗೆ ಬರುವುದೇ ಬೇಡ. ಹೀಗೆ ಒಂದೊಂದು ಮುಹೂರ್ತಕ್ಕೂ ಇಳಿದು ಇಳಿದು ನಮ್ಮ ಮನೆ ಊರಿನ ಕೊನೆಯ ಮನೆಯಾಯಿತು. ಅದರ ಕೆಳಗೆ ಒಂದಿಷ್ಟು ಮರಳು, ಆಮೇಲೆ ಹೊಳೆ.

ಹೊಳೆಗೆ ಬಿದ್ದ ಮನೆ ವಾಪಸು ಬರುವುದಿಲ್ಲ. ಹಿಂದಿನ ವರ್ಷ ಟೈಲರ್ ಹಾಲಪ್ಪನ ಮನೆ ಹೋಯಿತು. ಮನೆಯವರೆಲ್ಲ ಈಜಿ ದಡ ಸೇರಿದರು, ಮನೆ ಮಾತ್ರ ಹೊಲಿಗೆ ಮಿಷನ್ನಿನ ಸಮೇತ ತೇಲುತ್ತಾ ಹೋಯಿತು. ನನ್ನ ಅತ್ತೆ ಸಣ್ಣೀರಮ್ಮನಿಗೆ ಈಜು ಬರುವುದಿಲ್ಲ. ಮೊಣಕಾಲು ಹಿಡಿದುಕೊಂಡು ನಡೆಯುವುದೂ ಕಷ್ಟ. ಅವಳು ಹೊಸ್ತಿಲ ಮೇಲೆ ಕೂತು, "ಹೊಳೆ ಹತ್ರ ಆತಲ್ಲ, ಒಳ್ಳೇದೇ ಆತು. ಪಾತ್ರೆ ತೊಳಿಯಾಕೆ ನಲ್ಲಿ ಕಾಯಂಗಿಲ್ಲ," ಎಂದು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಇನ್ನೊಂದು ದೊಡ್ಡ ಮದುವೆಯಾದರೆ ನಮ್ಮ ಮನೆ ಮುಗಿಯಿತು ಎಂದು ನನಗೆ ಗೊತ್ತಿತ್ತು.

ಪಾಲಯ್ಯನಿಗೂ ಗೊತ್ತಿತ್ತು. ಅವನು ಬಿಡಬೇಕೆಂದು ಎಷ್ಟು ಸಲ ಹೊರಟನೋ! ಆದರೆ ನಮ್ಮೂರಿನಲ್ಲಿ ತಿರುವಿಗೊಂದು ಬ್ರಾಂದಿ ಅಂಗಡಿ. ಬಸ್ ಸ್ಟ್ಯಾಂಡಿಗೊಂದು, ಶಾಲೆಯ ಗೇಟಿಗೊಂದು, ಆಸ್ಪತ್ರೆಯ ಎದುರಿಗೆ ಎರಡು. ಬೆಳಗ್ಗೆ ಹಾಲಿಗಿಂತ ಮೊದಲು ಬಾಗಿಲು ತೆಗೆಯುವ ಅಂಗಡಿಗಳು ಅವು. ಮನೆಯಿಂದ ಟ್ಯಾಂಕಿನವರೆಗೆ ಹತ್ತಿ ಹೋಗುವುದೆಂದರೆ ಅವನಿಗೆ ಅಷ್ಟೂ ಬಾಗಿಲ ಮುಂದೆ ಮುಖ ತಿರುಗಿಸಿಕೊಂಡು ನಡೆಯುವುದು. ಕತ್ತು ಎಷ್ಟು ಸಲ ತಿರುಗೀತು?

ಇದನ್ನು ನನಗೆ ಬಿಡಿಸಿ ಹೇಳಿದವರು ಆರೋಗ್ಯ ಕೇಂದ್ರದ ಜುಬೇದಾ ಸಿಸ್ಟರ್. ಅವರು ಸಣ್ಣ ಆಳು, ದೊಡ್ಡ ದನಿ. "ಓಬಕ್ಕ, ನಿನ್ನ ಗಂಡನ್ನ ಬಯ್ದು ಬಯ್ದು ನಿನ್ನ ಗಂಟಲು ಒಣಗ್ತು, ಅವನು ಬಿಟ್ನಾ? ಒಬ್ಬೊಬ್ಬರ್ನೇ ಹಿಡಿದು ನಿಲ್ಸಾಕಾಗಲ್ಲ ಕಣಮ್ಮ. ಅಂಗಡಿ ಕಮ್ಮಿಯಾಗ್ಬೇಕು, ಸಂಜೆಗೇ ಮುಚ್ಬೇಕು, ಮದುವೆಗೆ ಬಿಟ್ಟಿ ಕೊಡೋದು ನಿಲ್ಬೇಕು. ಊರೇ ಒಂದಾಗಿ ಕೇಳ್ಬೇಕು," ಎಂದರು. ಹಾಗೆಂದವರು ಸುಮ್ಮನೆ ಕೂರಲಿಲ್ಲ. ಹೆಡ್‌ಮಾಸ್ಟರನ್ನು ಹಿಡಿದರು, ಮಸೀದಿಯ ಹಿರಿಯರನ್ನು ಹಿಡಿದರು, ಮಠದವರನ್ನು ಹಿಡಿದರು, ಠಾಣೆಯ ಪೇದೆಯನ್ನು ಚುಚ್ಚುಮದ್ದು ಹಾಕುವಾಗ ಹಿಡಿದರು. ನಾನು ನೀರು ಬಿಡಲು ಹೋದ ಮನೆಯಲ್ಲೆಲ್ಲ ಹೆಂಗಸರ ಕಿವಿಗೆ ಹಾಕಿದೆ. ಒಂದು ಸಂಜೆ ಎಲ್ಲರೂ ಸೇರಿ ಪುರಸಭೆಗೆ ಹೋದೆವು.

ಅಧ್ಯಕ್ಷ ರುದ್ರಮುನಿಯವರು ಒಂದು ತೊಟ್ಟೂ ಕುಡಿಯದವರು. ಅವರ ಮನೆ ಟ್ಯಾಂಕಿನ ಪಕ್ಕ, ಬಂಡೆಯ ಮೇಲೆ, ಅವರ ಅಜ್ಜ ಕಟ್ಟಿದ ಜಾಗದಲ್ಲೇ ಅಲುಗದೆ ನಿಂತಿತ್ತು. ಅದೇ ಅವರ ಹೆಮ್ಮೆ. ಅವರ ಪಕ್ಕದ ಕುರ್ಚಿಯಲ್ಲಿ ಕಂಪನಿಯ ಅಧಿಕಾರಿ ಪ್ರಫುಲ್ಲಚಂದ್ರ ಕೂತಿದ್ದರು. ಅಷ್ಟು ಮೆತ್ತಗೆ ಮಾತಾಡುವ ಮನುಷ್ಯನನ್ನು ನಾನು ನೋಡಿರಲಿಲ್ಲ. ಬಸ್ ಸ್ಟ್ಯಾಂಡಿನ ತಗಡಿನ ಚಾವಣಿ, ಪೇಟೆಯ ಗಡಿಯಾರ, ಶಾಲೆಯ ಬೆಂಚು, ಎಲ್ಲವೂ ಅವರ ಕಂಪನಿ ಕೊಟ್ಟದ್ದೇ ಎಂದು ಅವರು ಹೇಳಲಿಲ್ಲ; ನಾವೇ ನೆನಪಿಸಿಕೊಳ್ಳಲಿ ಎಂದು ಸುಮ್ಮನೆ ನಕ್ಕರು.

ಸಿಸ್ಟರ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅಧ್ಯಕ್ಷರು, "ಕುಡಿಯೋದು ಬಿಡೋದು ಅವರವರ ಇಷ್ಟ ಕಣ್ರೀ ಸಿಸ್ಟರ್. ಅವರವರ ಮನೆ ಅವರವರು ನೋಡ್ಕೋಬೇಕು. ನನ್ನ ಮನೆ ಯಾಕೆ ಇಳಿಯಲ್ಲ ಹೇಳಿ?" ಎಂದರು.

ಪ್ರಫುಲ್ಲಚಂದ್ರರು ತಲೆದೂಗಿದರು. "ನಮಗೂ ಕಾಳಜಿ ಇದೆಯಮ್ಮ. ನಾವೂ ಸಮೀಕ್ಷೆ ಮಾಡಿಸಿದ್ದೀವಿ. ಸಮಸ್ಯೆ ಇರೋದು ಪಾನೀಯದಲ್ಲಲ್ಲ, ಮನೆಗಳನ್ನ ಭದ್ರವಾಗಿ ಕಟ್ಟಿಲ್ಲದೇ ಇರೋದ್ರಲ್ಲಿ. ಅದಕ್ಕೇ ಕಂಪನಿ ಪ್ರತಿ ಮನೆಗೂ ಒಂದು ಹಗ್ಗ, ಒಂದು ಕಬ್ಬಿಣದ ಗೂಟ ಉಚಿತವಾಗಿ ಕೊಡುತ್ತೆ. ನಿಮ್ಮ ಮನೆ, ನಿಮ್ಮ ಹೊಣೆ."

ನಮ್ಮ ಸಿಸ್ಟರ್‌ಗೆ ಸಿಟ್ಟಿನಲ್ಲಿ ಕನ್ನಡಕ ಮೂಗಿನ ತುದಿಗೆ ಬಂತು. ನನಗಂತೂ ಮೈಯೆಲ್ಲ ಉರಿಯಿತು. ಆದರೆ ಬಿಟ್ಟಿ ಹಗ್ಗ ಬೇಡ ಎನ್ನುವ ಊರು ಯಾವುದಿದೆ? ಮರುದಿನವೇ ಲಾರಿ ಬಂತು, ನಾವು ಸಾಲಾಗಿ ನಿಂತು ಇಸಿದುಕೊಂಡೆವು. ಹಗ್ಗ ನಿಜಕ್ಕೂ ಚೆನ್ನಾಗಿತ್ತು, ಮುಂಗೈ ಗಾತ್ರ, ಆನೆ ಕಟ್ಟಿದರೂ ತುಂಡಾಗದ್ದು. ನಾವು ಮನೆಗಳಿಗೆ ಕಟ್ಟಲು ಶುರುಮಾಡುತ್ತಿದ್ದಂತೆ ಪ್ರಫುಲ್ಲಚಂದ್ರರು ಫೋಟೋ ಹೊಡೆಸಿಕೊಂಡು ಹೋದರು. ಹಗ್ಗದ ಒಂದು ತುದಿಯನ್ನು ಮನೆಗೆ ಕಟ್ಟಿದ್ದನ್ನು ಅವರು ನೋಡಿದರು. ಇನ್ನೊಂದು ತುದಿಯನ್ನು ನೋಡಲು ನಿಲ್ಲಲಿಲ್ಲ.

ಗೂಟ ಹೊಡೆಯಲು ನಮ್ಮಲ್ಲಿ ಯಾರ ಕೈ ಬಂದೀತು? ಕೆಲವರು ಅದನ್ನು ಅಟ್ಟಕ್ಕೆ ಎಸೆದರು, ಕೆಲವರು ಹಲಸಿನಹಣ್ಣು ಸೀಳಲು ಇಟ್ಟುಕೊಂಡರು. ಹಗ್ಗಕ್ಕೆ ಅರಿಸಿನ ಹಚ್ಚಿದರು. ಆಮೇಲೆ ಕೈ ತನ್ನ ಪಾಡಿಗೆ ತಾನು ಪಕ್ಕದ ಮನೆಯ ಕಂಬಕ್ಕೆ ಹೋಯಿತು. ನಮ್ಮ ಮನೆಯದು ಮೇಲಿನ ಬೀದಿಯ ದರ್ಗಾ ಮನೆಗೆ, ಅದರದು ಗಿರಣಿ ಮನೆಗೆ, ಅದರದು ಇನ್ನೂ ಮೇಲಕ್ಕೆ. ಎಲ್ಲ ಮನೆಗಳ ಹಗ್ಗವೂ ಹೀಗೆ ಹತ್ತಿ ಹತ್ತಿ ಕಟ್ಟಕಡೆಗೆ ಅಧ್ಯಕ್ಷರ ಜಗಲಿಯ ಕಂಬಕ್ಕೆ ಬಂದು ಸೇರಿತು. ಅಧ್ಯಕ್ಷರ ಹೆಂಡತಿ ಸರ್ವಮಂಗಳಮ್ಮನವರೇ ಕುಂಕುಮ ಇಟ್ಟು ಗಂಟು ಹಾಕಿಸಿಕೊಂಡರಂತೆ. ಅಧ್ಯಕ್ಷರು ಆಗ ಸ್ನಾನಕ್ಕೆ ಹೋಗಿದ್ದರು.

ಮೊದಲ ಕೆಲವು ದಿನ ಹಬ್ಬ. ಅಲ್ಲೊಬ್ಬ ಇಲ್ಲೊಬ್ಬ ಕುಡಿದರೂ ಮನೆ ಒಂಚೂರು ಜಗ್ಗಿ ಅಲ್ಲೇ ನಿಲ್ಲುತ್ತಿತ್ತು, ಊರಿನ ಭಾರ ಹಿಡಿದುಕೊಳ್ಳುತ್ತಿತ್ತು. ಅತ್ತೆ ಹಗ್ಗದ ಮೇಲೆ ಸೀರೆ ಒಣಹಾಕಿದಳು. ಕಂಪನಿಯವರಿಗೂ ಖುಷಿ, ನೋಡಿದಿರಾ, ಈಗ ನಿಶ್ಚಿಂತೆಯಿಂದ ಕುಡಿಯಬಹುದು ಎಂದು ಗೋಡೆಗೋಡೆಯ ಮೇಲೆ ಬರೆಸಿದರು. ಜನ ಅದನ್ನು ನಂಬಿದರು. ಸಂತೆಯ ದಿನ ಅರ್ಧ ಊರು ನಿಶ್ಚಿಂತೆಯಿಂದ ಕುಡಿಯಿತು.

ನಾನು ಆಗ ಟ್ಯಾಂಕಿನ ಹತ್ತಿರ ವಾಲ್ವು ತಿರುಗಿಸುತ್ತಿದ್ದೆ, ಇನ್ನೂ ಬಿಸಿಲಿತ್ತು. ಅಧ್ಯಕ್ಷರು ಜಗಲಿಯ ಮೇಲೆ ಕೂತು ಕ್ಷೌರ ಮಾಡಿಸಿಕೊಳ್ಳುತ್ತಿದ್ದರು, ಒಂದು ಕೆನ್ನೆ ಆಗಿತ್ತು, ಇನ್ನೊಂದರ ಮೇಲೆ ನೊರೆ. ಕೆಳಗಿನಿಂದ ಒಂದು ಸದ್ದು ಬಂತು, ನೂರಾರು ಮನೆ ಒಟ್ಟಿಗೆ ಗಂಟಲು ಸರಿಮಾಡಿಕೊಂಡ ಸದ್ದು. ಹಗ್ಗಗಳು ಒಂದೊಂದಾಗಿ ಬಿಗಿದವು. ಆಮೇಲೆ, ಅಜ್ಜನ ಕಾಲದಿಂದ ಅಲುಗದ ಅಧ್ಯಕ್ಷರ ಮನೆ ಬಂಡೆಯಿಂದ ಕಳಚಿಕೊಂಡು ನನ್ನ ಕಣ್ಣ ಮುಂದೆ ಇಳಿಯತೊಡಗಿತು. ಕ್ಷೌರದವನು ಹಾರಿಕೊಂಡ. ಅಧ್ಯಕ್ಷರು ನೊರೆಯ ಸಮೇತ ಕುರ್ಚಿ ಹಿಡಿದುಕೊಂಡು ನನ್ನ ಪೈಪು ಕಿತ್ತುಕೊಂಡು ಹೋದರು. ದೇವರಾಣೆ ಹೇಳುತ್ತೇನೆ, ಆ ಕ್ಷಣ ನನಗೆ ನಗು ತಡೆಯಲಾಗಲಿಲ್ಲ. ಮರುಕ್ಷಣ ಅತ್ತೆಯ ನೆನಪಾಗಿ ಕೀಲಿಯನ್ನು ಅಲ್ಲೇ ಬಿಸಾಡಿದೆ. ಮೇಲಿನ ಮನೆ ಇಷ್ಟು ಇಳಿದರೆ ಕೊನೆಯ ಮನೆ ಎಲ್ಲಿ ಹೋಗಿರಬೇಕು?

ಇಡೀ ಇಳಿಜಾರು ಓಡಿದೆ. ನಮ್ಮ ಮನೆಯ ಹಿಂದಿನ ಗೋಡೆಗೆ ಹೊಳೆ ತಾಗಿತ್ತು. ಅಡುಗೆಮನೆಯಲ್ಲಿ ಪಾದ ಮುಳುಗುವಷ್ಟು ನೀರು. ಅತ್ತೆ ಮುಂದಿನ ಹೊಸ್ತಿಲಲ್ಲಿ ಕಂಬ ತಬ್ಬಿಕೊಂಡು ಕೂತಿದ್ದಳು. "ಬಂದ್ಯಾ? ಬೆಲ್ಲದ ಡಬ್ಬಿ ಎತ್ತಿಟ್ಟೀನಿ," ಎಂದಳು. ಪಾಲಯ್ಯ ಸಂತೆಯಿಂದ ಓಡಿ ಬಂದವನು ಅವಳ ಪಕ್ಕದಲ್ಲಿ ಕೂತು ತಲೆ ತಗ್ಗಿಸಿದ. ಆ ದಿನ ಅವನು ಕುಡಿದಿರಲಿಲ್ಲ. ಅದನ್ನು ಅವನು ಹೇಳಲೂ ಇಲ್ಲ, ಹೇಳಿದರೆ ಯಾರು ಕೇಳುತ್ತಿದ್ದರು?

ಅಷ್ಟರಲ್ಲಿ ಮೇಲಿನಿಂದ ಗಲಾಟೆ. ಅಧ್ಯಕ್ಷರ ಮನೆ ಗಿರಣಿಯ ಹತ್ತಿರ ಬಂದು ನಿಂತಿತ್ತು. ನಾನು ಮತ್ತೆ ಹತ್ತಿ ಹೋದೆ. ಅರ್ಧ ಕ್ಷೌರದ ಮುಖದಲ್ಲಿ ಅಧ್ಯಕ್ಷರು ಕೂಗಾಡುತ್ತಿದ್ದರು: "ಯಾವನೋ ಕುಡಿದದ್ದಕ್ಕೆ ನನ್ನ ಮನೆ ಯಾಕ್ರೀ ಇಳೀಬೇಕು?"

"ನಮ್ಮತ್ತೇನೂ ಅದನ್ನೇ ಕೇಳ್ತಾಳೆ ಸ್ವಾಮಿ," ಎಂದೆ. "ಅವಳೂ ಕುಡಿಯಲ್ಲ."

ಪ್ರಫುಲ್ಲಚಂದ್ರರು ಕಾರಿನಿಂದ ಇಳಿದು ಬಂದರು. ಆವತ್ತು ಮೊದಲ ಸಲ ಅವರ ದನಿ ಜೋರಾಗಿತ್ತು. "ತಪ್ಪಾಗಿ ಕಟ್ಟಿದ್ದೀರಿ! ಗೂಟಕ್ಕೆ ಕಟ್ಟೋ ಹಗ್ಗ ಇದು. ಅಧ್ಯಕ್ಷರೇ, ಮೊದಲು ನಿಮ್ಮ ಮನೆಯದು ಕತ್ತರಿಸಿಬಿಡಿ. ನಿಮ್ಮ ಮನೆ ನಿಲ್ಲುತ್ತೆ, ಮಿಕ್ಕವರದ್ದು ಅವರು ನೋಡ್ಕೋತಾರೆ."

ಮಿಕ್ಕವರು ಎಂದರೆ ನಾವು. ಆ ಹಗ್ಗ ಹೋದರೆ ಮೇಲಿನ ಹಿಡಿತವೇ ಹೋಯಿತು. ಹೊಳೆಯಲ್ಲಿ ಮೊದಲು ಕಾಣೆಯಾಗುವುದು ನಮ್ಮ ಮನೆ. ಅಧ್ಯಕ್ಷರು ತೆಂಗಿನಕಾಯಿ ಕೊಚ್ಚುವ ಮಚ್ಚು ತಂದರು. ಸಿಸ್ಟರ್ ಅಡ್ಡ ನಿಂತರು, ಸರ್ವಮಂಗಳಮ್ಮನವರು, "ಅರಿಸಿನ ಹಚ್ಚಿ ಕಟ್ಟಿದ್ದು ಕಣ್ರೀ, ಕಡೀಬ್ಯಾಡ್ರೀ," ಎಂದು ಕೈ ಹಿಡಿದರು. ಅಧ್ಯಕ್ಷರು ಇಬ್ಬರನ್ನೂ ಸರಿಸಿ ಮಚ್ಚು ಎತ್ತಿದರು. ಯಾವಾಗಲೂ ಮಾತಿಗೆ ಕಡಿಮೆಯಿಲ್ಲದವಳು ನಾನು, ಆಗ ಕೈ ಮುಗಿದು ನಿಂತುಬಿಟ್ಟೆ.

ಎಲ್ಲಿ ಕಡಿಯಬೇಕೆಂದು ನೋಡಲು ಅಧ್ಯಕ್ಷರು ಹಗ್ಗದ ಮೇಲೆ ಕಣ್ಣು ಹಾಯಿಸಿದರು. ಕಣ್ಣು ಹಗ್ಗದ ಜೊತೆಗೇ ಇಳಿಯಿತು. ಗಿರಣಿ ಮನೆ, ದರ್ಗಾ ಮನೆ, ಕಂಬದಿಂದ ಕಂಬಕ್ಕೆ, ಕೊನೆಗೆ ಹೊಳೆಯ ಅಂಚಿನ ನಮ್ಮ ಹೊಸ್ತಿಲಿಗೆ. ಅವರ ಮನೆ ಟ್ಯಾಂಕಿನ ಬಳಿ ಇದ್ದಾಗ ಅಲ್ಲಿಂದ ನಮ್ಮ ಮನೆ ಕಾಣುತ್ತಿರಲಿಲ್ಲ. ಅಲ್ಲಿ ಅತ್ತೆ ಎದ್ದು ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. ಮೇಲಿನಿಂದ ಯಾರದೋ ಮನೆ ಹೊಸದಾಗಿ ಇಳಿದು ಬಂದಿದೆ ಎಂದಷ್ಟೇ ಅವಳಿಗೆ ಅರ್ಥವಾಗಿತ್ತು. ಅವಳ ದನಿ ಇಡೀ ಇಳಿಜಾರಿಗೆ ಕೇಳಿತು: "ಯಾರಪ್ಪಾ ಅದು, ಹೊಸಬ್ರಾ? ಹೆದರ್ಕೋಬ್ಯಾಡ್ರಿ, ನಾವೆಲ್ಲ ಇದೀವಿ!"

ಅಧ್ಯಕ್ಷರು ಮಚ್ಚು ಎತ್ತಿದ ಹಾಗೇ ನಿಂತರು. ನೊರೆ ಒಣಗಿ ಕೆನ್ನೆಯ ಮೇಲೆ ಬಿರುಕು ಬಿಟ್ಟಿತ್ತು. ಆಮೇಲೆ ಮಚ್ಚನ್ನು ಹೆಂಡತಿಯ ಕೈಗೆ ಕೊಟ್ಟು, "ಸಿಸ್ಟರ್, ಅದೇನೋ ಮೂರು ಬೇಡಿಕೆ ಅಂದಿದ್ರಲ್ಲ, ಇನ್ನೊಂದ್ಸಲ ಹೇಳಿ," ಎಂದರು.

ಮರುದಿನ ಸಭೆ, ಅದರ ಮರುದಿನ ಡಂಗುರ. ಬಸ್ ಸ್ಟ್ಯಾಂಡು, ಶಾಲೆ, ಆಸ್ಪತ್ರೆಯ ಮುಂದಿನ ಅಂಗಡಿಗಳು ಮುಚ್ಚಿದವು. ಉಳಿದ ಒಂದೆರಡು ಊರಾಚೆ ಹೋದವು, ದೀಪ ಹಚ್ಚುವ ಹೊತ್ತಿಗೆ ಬೀಗ. ಮದುವೆಗೆ ಬಿಟ್ಟಿ ಬಾಟಲಿ ತಂದ ಕಂಪನಿಯ ವ್ಯಾನನ್ನು ಪೇದೆ ತಾನೇ ತಿರುಗಿಸಿ ಕಳಿಸಿದ. ಕಂಪನಿ ಸುಮ್ಮನಿರಲಿಲ್ಲ. ಗಡಿಯಾರದ ಮುಳ್ಳು ಬಿಚ್ಚಿಕೊಂಡು ಹೋದರು, ಬ್ಯಾಂಡಿನವರ ಕೋಟು ವಾಪಸು ಕೇಳಿದರು. ಕೊನೆಗೆ, ಉದ್ದೇಶಕ್ಕೆ ವಿರುದ್ಧವಾಗಿ ಬಳಸಿದ್ದರಿಂದ ಹಗ್ಗಗಳನ್ನು ಹಿಂದಿರುಗಿಸಬೇಕೆಂದು ನೋಟೀಸು ಕಳಿಸಿದರು. ಸಿಸ್ಟರ್, "ಬಂದು ಬಿಚ್ಕೊಂಡು ಹೋಗಿ," ಎಂದು ಉತ್ತರ ಬರೆದರು. ಬಂದರು ಪಾಪ. ಅರಿಸಿನದಲ್ಲಿ ನೆಂದು ಬಿಗಿದ ಗಂಟು ಅವರ ಕೈಗೆ ಬಗ್ಗಲಿಲ್ಲ. ಬಿಸಿಲಲ್ಲಿ ಒದ್ದಾಡುತ್ತಿದ್ದ ಅವರ ಆಳುಗಳಿಗೆ ಗಿರಣಿ ಮನೆಯವರು ಮಜ್ಜಿಗೆ ಕೊಟ್ಟು ಕಳಿಸಿದರು.

ಆಮೇಲೆ ಒಂದು ಮಧ್ಯಾಹ್ನ ಯಾರೂ ಹಿಂದೆಂದೂ ಕಾಣದ್ದು ಆಯಿತು. ಮನೆಗಳು ಇಳಿಯುತ್ತವೆ ಎಂದಷ್ಟೇ ನಮಗೆ ಗೊತ್ತಿತ್ತು, ಹತ್ತುತ್ತವೆ ಎಂದು ಗೊತ್ತಿರಲಿಲ್ಲ. ದರ್ಗಾ ಮನೆ ಮೊದಲು ಅಲುಗಿ ಒಂದು ಗೇಣು ಮೇಲೇರಿತು, ಅದರ ಹಿಂದೆ ಮಿಕ್ಕವು. ಕೋಳಿಗಳು ಗಾಬರಿಯಾಗಿ ಹಾರಿದವು, ಹೆಂಗಸರು ಜಗಲಿಗಳಿಗೆ ಓಡಿ ಬಂದು ನಮ್ಮದೂ ಹತ್ತಿತು, ನಿಮ್ಮದೂ ಹತ್ತಿತು ಎಂದು ಕೂಗಿದರು. ನಮ್ಮ ಅಡುಗೆಮನೆಯ ನೀರು ಇಳಿದು ಹೋಗಿ ಒಲೆಯ ಹತ್ತಿರ ಒಂದು ಮೀನು ಸಿಕ್ಕಿತು. ಅವತ್ತು ಅದರದ್ದೇ ಸಾರು. ಅಷ್ಟು ರುಚಿಯ ಸಾರನ್ನು ನಾನು ಆಮೇಲೆ ಉಂಡಿಲ್ಲ.

ಪಾಲಯ್ಯ ಸಿಸ್ಟರ್ ಕೊಟ್ಟ ಮಾತ್ರೆ ತೆಗೆದುಕೊಂಡು, ಬಿಳಿ ಅಂಗಿಯಲ್ಲಿ ಮದುವೆಗಳಿಗೆ ಹೋಗಿ ಬರುತ್ತಿದ್ದ. ಕೈ ನಡುಗುವುದು ನಿಂತ ಮೇಲೆ ಅವನ ಊದುವಿಕೆ ನಾನು ಮದುವೆಯಾದಾಗಿನಂತೆ ಕೇಳುತ್ತಿತ್ತು. ಆದರೆ ಒಂದು ದಿನ ಬೇರೆ ಊರಿನ ಮದುವೆಯಲ್ಲಿ, ನಮ್ಮ ಡಂಗುರ ತಲುಪದ ಊರಿನಲ್ಲಿ, ಯಾರೋ ಗ್ಲಾಸು ಕೈಗಿಟ್ಟರು. ಒಂದಕ್ಕೆ ನಿಲ್ಲಲಿಲ್ಲ. ಇಲ್ಲಿ ನಮ್ಮ ಮನೆ ನರಳಿ, ಮರಳು ದಾಟಿ, ಅರ್ಧ ಹೊಳೆಗೆ ಇಳಿಯಿತು. ಅತ್ತೆ ಒಳಗೆ ಅಟ್ಟದ ಏಣಿ ಹಿಡಿದುಕೊಂಡಿದ್ದಳು. ಊರಿನ ಹಗ್ಗವೆಲ್ಲ ವೀಣೆಯ ತಂತಿಯಂತೆ ಬಿಗಿದು ನಿಂತಿತು.

ಯಾರೂ ಯಾರನ್ನೂ ಕರೆಯಲಿಲ್ಲ. ಜನ ತಾವೇ ಹೊರಗೆ ಬಂದು ಹಗ್ಗಕ್ಕೆ ಕೈ ಹಾಕಿದರು. ಗಿರಣಿಯವರು, ದರ್ಗಾ ಮನೆಯವರು, ಹೆಡ್‌ಮಾಸ್ಟರು, ಕನ್ನಡಕ ಜೇಬಿಗಿಟ್ಟ ಸಿಸ್ಟರ್, ಮೇಲ್ತುದಿಯಲ್ಲಿ ಪಂಚೆ ಎತ್ತಿ ಕಟ್ಟಿದ ಅಧ್ಯಕ್ಷರು. ಬಸ್ಸಿಳಿದು ಬಂದ ಪಾಲಯ್ಯ ಇದನ್ನು ನೋಡಿ ರಸ್ತೆಯ ನಡುವೆ ನಿಂತುಬಿಟ್ಟ. ಅವನ ಬಾಯಿಂದ ಇನ್ನೂ ವಾಸನೆ ಬರುತ್ತಿತ್ತು. ಎಲ್ಲರೂ ಬಂದು ಹೊಡೆಯಲಿ ಎನ್ನುವಂತೆ ಕಣ್ಣು ಮುಚ್ಚಿಕೊಂಡ. ಹೊಡೆಯಲು ಯಾರ ಕೈಯೂ ಖಾಲಿ ಇರಲಿಲ್ಲ.

"ಅಲ್ಲೇನ್ ನಿಂತಿದೀಯ? ಬಾ, ಹಿಡಿ!" ಎಂದೆ. ಅವನು ಓಡಿ ಬಂದು ನನ್ನ ಹಿಂದೆ ಹಗ್ಗ ಹಿಡಿದ. ಅಳುತ್ತಿದ್ದ. ಅಳುತ್ತಲೇ, ಊದಿ ಊದಿ ಗಟ್ಟಿಯಾದ ಆ ಎದೆಯಿಂದ "ಐಸಾ!" ಎಂದು ಕೂಗಿದ. ಊರು "ಹೈಸಾ!" ಎಂದಿತು. ಅದುವರೆಗೆ ಒಬ್ಬೊಬ್ಬರೂ ಒಂದೊಂದು ಹೊತ್ತಿಗೆ ಎಳೆಯುತ್ತಿದ್ದವರು ಅವನ ತಾಳಕ್ಕೆ ಒಟ್ಟಿಗೆ ಎಳೆದರು. ಕಂಪನಿಯ ಹಗ್ಗ, ಅದನ್ನು ಒಪ್ಪಿಕೊಳ್ಳಬೇಕು, ಒಂದು ಎಳೆಯೂ ಬಿಡಲಿಲ್ಲ. ಮನೆ ನೀರು ಸುರಿಸುತ್ತಾ ಮೇಲೆ ಬಂತು. ಬಾಗಿಲಲ್ಲಿ ಅತ್ತೆ ನೆಂದ ಸೀರೆಯಲ್ಲಿ ನಿಂತು, "ಮೆಲ್ಲಗೆ ಎಳೀರೋ, ಉಪ್ಪಿನಕಾಯಿ ಭರಣಿ ಐತಿ!" ಎಂದು ಬಯ್ಯುತ್ತಿದ್ದಳು. ನನಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ, ನಾನೂ ಅತ್ತುಬಿಟ್ಟೆ.

ಅಂದಿನಿಂದ ಪಾಲಯ್ಯ ಮುಟ್ಟಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಮತ್ತೂ ಎರಡು ಸಲ ಕುಡಿದಿದ್ದಾನೆ. ಎರಡು ಸಲವೂ ಬಸ್ಸಿಳಿದವನು ಮನೆಗೆ ಬರಲಿಲ್ಲ. ಏದುಸಿರು ಬಿಡುತ್ತಾ ನೇರ ಮೇಲಿನ ಬೀದಿಗೆ ಹತ್ತಿ, ಅಧ್ಯಕ್ಷರ ಬಾಗಿಲು ತಟ್ಟಿ, "ಸ್ವಾಮೀ, ಹಗ್ಗ ಹಿಡ್ಕೊಳ್ಳಿ, ನಾನು ಕುಡಿದ್ಬಿಟ್ಟಿದೀನಿ," ಎಂದ. ಅಧ್ಯಕ್ಷರು ಅವನ ಅಪ್ಪ ಅಜ್ಜ ಎಲ್ಲರನ್ನೂ ಸೇರಿಸಿ ಬಯ್ದರು. ಬಯ್ಯುತ್ತಲೇ ಪಂಚೆ ಎತ್ತಿ ಕಟ್ಟಿ ಜಗಲಿಗೆ ಬಂದು ಹಗ್ಗ ಹಿಡಿದರು.